ಸಾಯದೆ ಉಳಿದ ಸೊಳ್ಳೆಯ ಚರಿತ್ರೆ



ನಿಮ್ಮ ಮನೆಯಲ್ಲಿ ಎಪ್ಪತ್ತೆಂಬತ್ತು ದಾಟಿದ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಪಂಪು, ಬಕೆಟ್ಟು ಹಿಡಿದು ಬರುತ್ತಿದ್ದ ಡಿ.ಡಿ.ಟಿ. ಮಂದಿ, ಗೋಡೆಯ ಮೇಲೆ ಉಳಿಯುತ್ತಿದ್ದ ಬಿಳಿ ಪುಡಿ, ಬಾಗಿಲ ಬಳಿ ಬರೆದುಹೋಗುತ್ತಿದ್ದ ತಾರೀಕು ಅವರಿಗೆ ನೆನಪಿರಬಹುದು. ಆ ಮದ್ದಿಗೆ ಚಳಿಜ್ವರ ಊರು ಬಿಟ್ಟು ಓಡಿತ್ತು. ಕೆಲವೇ ವರ್ಷಗಳಲ್ಲಿ ಮರಳಿ ಬಂತು. ಏಕೆ ಬಂತು?

ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬ ಗುಟ್ಟು ಬಯಲಾದದ್ದು ನಮ್ಮ ಪಸ್ತಾಪುರದಿಂದ ಸುಮಾರು 100 ಕಿ.ಮೀ. ದೂರದ ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಆ ಸೊಳ್ಳೆಗಳಿಗೆ ತನ್ನ ರಕ್ತ ಕುಡಿಸಿದವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಅವನ ಕೂಲಿ. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಶತ್ರು ಯಾರೆಂದು ತಿಳಿಯಿತು. ಆಯುಧ ಬಂದದ್ದು ತಡವಾಗಿ. 1946ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಡಿ.ಡಿ.ಟಿ. ಸಿಂಪಡಿಸಿದರು. ಜ್ವರ ಥಟ್ಟನೆ ಇಳಿಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಜಹೀರಾಬಾದ್, ನಾರಾಯಣಖೇಡಗಳು ಆಗಿನ್ನೂ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು. 1965ರ ಹೊತ್ತಿಗೆ ದೇಶದ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿದಿತ್ತು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷ!

ಹಣದ ಕೊರತೆ, ಉಸ್ತುವಾರಿಯ ಸಡಿಲಿಕೆ ಇದ್ದವು, ನಿಜ. ಇನ್ನೊಂದು ಕಾರಣ ನಮ್ಮ ರೈತರಿಗೆ ಬೇಗ ಅರ್ಥವಾಗುತ್ತದೆ. ತೊಗರಿಯ ಕಾಯಿಕೊರಕ ಹುಳುವಿಗೆ ಮದ್ದು ಹೊಡೆದಿರಿ ಎನ್ನಿ. ನೂರರಲ್ಲಿ ತೊಂಬತ್ತೆಂಟು ಸತ್ತವು. ಉಳಿದೆರಡಕ್ಕೆ ಆ ವಿಷ ತಡೆಯುವ ಗುಣ ಹುಟ್ಟಿನಿಂದಲೇ ಇತ್ತು. ಮುಂದಿನ ಸಂತಾನ ಆ ಎರಡರದೇ. ಹುಳು ಪಾಠ ಕಲಿಯಲಿಲ್ಲ. ನಾವೇ ಗಟ್ಟಿ ಬೀಜ ಆರಿಸಿಕೊಟ್ಟೆವು. ಸೊಳ್ಳೆಯಲ್ಲೂ ಇದೇ ಆಯಿತು. ಹಳ್ಳಿಗಾಡಿನ ಮುಖ್ಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕುಲಿಸಿಫೇಸಿಸ್. ಅದು ಡಿ.ಡಿ.ಟಿ.ಗೆ ಜಗ್ಗುತ್ತಿಲ್ಲ ಎಂಬ ವರದಿ 1959ರಲ್ಲೇ ಬಂತು. ಹೊಲದಲ್ಲಿ ಸುರಿದ ವಿಷವೂ ಈ ಆಯ್ಕೆಗೆ ಕೈಜೋಡಿಸಿತು. ಬೇಸಾಯಕ್ಕೆ ಡಿ.ಡಿ.ಟಿ. ಬಳಕೆ ನಿಂತದ್ದು 1989ರಲ್ಲಿ.

ಇದನ್ನು ಪರೀಕ್ಷಿಸುವ ಬಗೆ ಸರಳ. ಮದ್ದು ಹಚ್ಚಿದ ಕಾಗದವಿರುವ ಕೊಳವೆಯಲ್ಲಿ ಸೊಳ್ಳೆಗಳನ್ನು ಒಂದು ಗಂಟೆ ಇಡುತ್ತಾರೆ, 24 ಗಂಟೆ ಕಳೆದು ಸತ್ತವನ್ನು ಎಣಿಸುತ್ತಾರೆ. ದಿಲ್ಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿ ಡಾ. ಸರಳಾ ಸುಬ್ಬರಾವ್ ಅಷ್ಟಕ್ಕೇ ನಿಲ್ಲಲಿಲ್ಲ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಕುಲಿಸಿಫೇಸಿಸ್ ಒಂದೇ ಜಾತಿಯಲ್ಲ. ‘ಎ’, ‘ಬಿ’ ಎಂಬ ಎರಡು ಒಳಜಾತಿಗಳು ಮೊದಲೇ ತಿಳಿದಿದ್ದವು. ಸೊಳ್ಳೆಯ ವರ್ಣತಂತುಗಳ ಪಟ್ಟೆಗಳನ್ನು ಓದಿ 1983ರಲ್ಲಿ ಅವರೂ ಸಂಗಡಿಗರೂ ‘ಸಿ’ಯನ್ನು ಗುರುತಿಸಿದರು. 1988ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ದನದ ರಕ್ತವನ್ನೇ ಹೆಚ್ಚಾಗಿ ಹೀರುವ, ರೋಗವನ್ನು ಅಷ್ಟಾಗಿ ಹರಡದ ‘ಬಿ’ಗಿಂತ, ರೋಗ ಹರಡುವ ‘ಎ’ ಡಿ.ಡಿ.ಟಿ.ಗೆ ಹೆಚ್ಚು ಸಾಯುತ್ತಿತ್ತು. ಎರಡನ್ನೂ ಕಲಸಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮದ್ದು ಕೆಟ್ಟಿತೇ ಎಂದು ಕೇಳುವ ಮೊದಲು ಯಾವ ಊರಿನಲ್ಲಿ, ಯಾವ ಸೊಳ್ಳೆಗೆ ಎಂದು ಕೇಳಬೇಕು.

ಡಿ.ಡಿ.ಟಿ. ಬಳಿಕ ಮ್ಯಾಲಾಥಿಯಾನ್ ಬಂತು, ಆಮೇಲೆ ಪೈರೆಥ್ರಾಯ್ಡ್ ಬಂತು. ಅವಕ್ಕೂ ಜಗ್ಗದ ಸೊಳ್ಳೆಗಳು ಹಲವೆಡೆ ಕಂಡವು. ಅದಕ್ಕೇ ಬೇರೆ ದಾರಿಯೂ ಬೇಕಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಕ್ಷೇತ್ರ ಕೇಂದ್ರದ ಡಾ. ಎಸ್.ಕೆ. ಘೋಷ್ ಮತ್ತು ಸಂಗಡಿಗರು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟರು. ಅಲ್ಲಿ ಮಲೇರಿಯಾ ಇಳಿಯಿತು. ಆದರೆ ಈ ಮೀನು ಹೊರನಾಡಿನದು; ಹಳ್ಳಕೊಳ್ಳಕ್ಕೆ ಬಿಟ್ಟರೆ ನಮ್ಮ ಮೀನುಗಳಿಗೆ ಕುತ್ತು. ಬಾವಿಯೊಳಗೇ ಇರಲಿ.

ಮದ್ದು ಬೇಡ ಎಂದು ಹೇಳುತ್ತಿಲ್ಲ. ಅದರಿಂದ ಲಕ್ಷಾಂತರ ಜೀವ ಉಳಿದಿವೆ. ಆದರೆ ಮದ್ದಿನ ಬಲ ಹಗೇವಿನ ಕಾಳಿನಂತೆ: ಅಳೆದು ತೆಗೆದರೆ ಬಹುಕಾಲ ಬಂದೀತು, ಚೆಲ್ಲಿದರೆ ಬೇಗ ಬರಿದಾದೀತು. ಚಳಿಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಪರದೆ ಕಟ್ಟಿ ಮಲಗಿ. ಈ ಸಂಜೆ ಹಿತ್ತಲಿಗೆ ಹೋಗಿ, ನೀರು ನಿಂತ ಮಡಕೆಯೊಂದಿದ್ದರೆ ಮಗುಚಿ ಹಾಕಿ. ಮಗುಚಿದ ಮಡಕೆಗೆ ಒಗ್ಗಿಕೊಳ್ಳುವ ಸೊಳ್ಳೆ ಇನ್ನೂ ಹುಟ್ಟಿಲ್ಲ.