ಬಿತ್ತಿದವರು ಯಾರು, ಕಣಜ ಯಾರದು?

ಹೊಲ ಧಣಿಯದು, ಬೆವರು ಆಳಿನದು, ಬೆಳೆ ಮತ್ತೆ ಧಣಿಯದು. ಈ ಲೆಕ್ಕ ನಮಗೆ ಹೊಸದಲ್ಲ. ನಮ್ಮ ಅಪ್ಪಂದಿರು, ತಾತಂದಿರು ಈ ಲೆಕ್ಕದಲ್ಲೇ ಸವೆದುಹೋದರು. ಇದೇ ಲೆಕ್ಕ ಅಮೆರಿಕಾದ ಇಂಟರ್ನೆಟ್ ಕಂಪನಿಗಳಲ್ಲಿ ಹೊಸ ವೇಷ ಹಾಕಿಕೊಂಡು ಬಂತು. ತಾವೇ ಏನನ್ನೂ ಬರೆಯದ, ಹಾಡದ ಕಂಪನಿಗಳು ಪತ್ರಿಕೆ, ಟೀವಿಗಳನ್ನು ಮೀರಿಸುವ ದೈತ್ಯರಾದವು. ಹೇಗಾದವು ಅನ್ನೋದನ್ನ ನಾವು ತಿಳಿಯಬೇಕು. ಯಾಕೆಂದರೆ ಆ ಹೊಲಕ್ಕೆ ಇವತ್ತು ನಾವೂ ಇಳಿದಿದ್ದೇವೆ.

1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಜಿಯೋಸಿಟೀಸ್ ಎಂಬ ಕಂಪನಿ, ಯಾರು ಬೇಕಾದರೂ ಬಂದು ಬಿಟ್ಟಿಯಾಗಿ ತಮ್ಮದೊಂದು ಪುಟ ಕಟ್ಟಿಕೊಳ್ಳಿ ಅಂತ ಕರೆಯಿತು. ಬಂದವರಿಗೆ ಇಟ್ಟ ಹೆಸರು 'ಹೋಮ್‌ಸ್ಟೆಡರ್'. ಅಮೆರಿಕಾದಲ್ಲಿ ಈ ಮಾತಿಗೆ ಒಂದು ಚರಿತ್ರೆ ಇದೆ. 1862ರ ಕಾನೂನಿನ ಪ್ರಕಾರ ಸರ್ಕಾರಿ ಜಮೀನಿನಲ್ಲಿ ಐದು ವರ್ಷ ನೆಲೆಸಿ ಉತ್ತವನಿಗೆ ಆ ಜಮೀನು ಸೇರುತ್ತಿತ್ತು. ಅದು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಅನ್ನೋದನ್ನ ಮರೆಯೋದು ಬೇಡ. ಆದರೂ ಉತ್ತವನ ಕೈಗೆ ಒಂದು ಪಟ್ಟೆ ಸಿಕ್ಕುತ್ತಿತ್ತು. ಜಿಯೋಸಿಟೀಸ್‌ನಲ್ಲಿ ಹೆಸರು ಮಾತ್ರ ಸಿಕ್ಕಿತು, ಪಟ್ಟೆ ಸಿಕ್ಕಲಿಲ್ಲ.

1999ರಲ್ಲಿ ಯಾಹೂ ಕಂಪನಿ ಇದನ್ನು 350 ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. ಕೊಂಡದ್ದು ಏನನ್ನು? ಲಕ್ಷಾಂತರ ಜನ ರಾತ್ರಿಯೆಲ್ಲ ಕೂತು ಕಟ್ಟಿದ ಪುಟಗಳನ್ನು, ಅವನ್ನು ನೋಡಲು ಬರುತ್ತಿದ್ದ ಜನಸಂದಣಿಯನ್ನು. ಕೊಂಡ ಕೂಡಲೇ ಹೊಸ ಕರಾರು ಬಂತು: ಇಲ್ಲಿ ಇಟ್ಟ ಬರಹ, ಚಿತ್ರ ಯಾವುದನ್ನಾದರೂ ನಾವು ಶಾಶ್ವತವಾಗಿ, ಹೇಗೆ ಬೇಕಾದರೂ ಬಳಸಿಕೊಳ್ಳುತ್ತೇವೆ! ಆಗ ಜನ ತಿರುಗಿಬಿದ್ದರು. ತಮ್ಮ ಪುಟಗಳ ಬಣ್ಣ ತೆಗೆದು ಹಾಕಿದರು, ಚಿತ್ರ ಕಿತ್ತರು, ಆ ಕರಾರಿನ ಮಾತುಗಳನ್ನೇ ಅಲ್ಲಿ ಬರೆದಿಟ್ಟರು. ಯಾಹೂ ಹಿಂದೆ ಸರಿಯಬೇಕಾಯಿತು. ಒಗ್ಗಟ್ಟಾದರೆ ಧಣಿ ಬಗ್ಗುತ್ತಾನೆ ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಜಮೀನು ಧಣಿಯ ಹೆಸರಲ್ಲೇ ಉಳಿಯಿತು. 2009ರ ಅಕ್ಟೋಬರಿನಲ್ಲಿ ಯಾಹೂ ಅಮೆರಿಕಾದ ಜಿಯೋಸಿಟೀಸ್‌ಗೆ ಬೀಗ ಹಾಕಿತು. ಊರಿಗೆ ಊರೇ ಅಳಿಸಿಹೋಯಿತು. ಪ್ರತಿ ತೆಗೆದಿಟ್ಟುಕೊಂಡಷ್ಟೇ ಉಳಿಯಿತು.

ಎರಡನೆಯ ಕಥೆ ಎ.ಓ.ಎಲ್. ಕಂಪನಿಯದು. ಅದರ ಹರಟೆ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವರು ಸಾವಿರಾರು 'ಸ್ವಯಂಸೇವಕರು'. ಪಾಳಿ ಇತ್ತು, ವರದಿ ಒಪ್ಪಿಸೋದಿತ್ತು, ಸಂಬಳ ಇರಲಿಲ್ಲ. 1999ರಲ್ಲಿ ಅವರಲ್ಲಿ ಕೆಲವರು ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಇದು ಸೇವೆ ಅಲ್ಲ ಸ್ವಾಮಿ, ಕೆಲಸ. ಕನಿಷ್ಠ ಕೂಲಿ ಕೊಡಿ ಅಂದರು. ಹನ್ನೊಂದು ವರ್ಷ ಎಳೆದಾಡಿ, 2010ರಲ್ಲಿ ಕಂಪನಿ 1.5 ಕೋಟಿ ಡಾಲರಿಗೆ ರಾಜಿಯಾಯಿತು.

ಪಾಠ ಕಲಿಯಿತೇ? ಮರುವರ್ಷವೇ, 2011ರ ಫೆಬ್ರವರಿಯಲ್ಲಿ, ಇದೇ ಎ.ಓ.ಎಲ್. ಹಫಿಂಗ್ಟನ್ ಪೋಸ್ಟ್ ಎಂಬ ಸುದ್ದಿತಾಣವನ್ನು 31.5 ಕೋಟಿ ಡಾಲರಿಗೆ ಕೊಂಡಿತು. 2005ರಲ್ಲಿ ಶುರುವಾದ ಆ ತಾಣಕ್ಕೆ ಸಂಬಳದ ಪತ್ರಕರ್ತರೂ ಇದ್ದರು, ಸಾವಿರಾರು ಬಿಟ್ಟಿ ಬರಹಗಾರರೂ ಇದ್ದರು. ಮಾರಾಟದ ದುಡ್ಡಲ್ಲಿ ಈ ಬಿಟ್ಟಿ ಬರಹಗಾರರಿಗೆ ಒಂದು ಕಾಸೂ ಸಿಗಲಿಲ್ಲ. ಅವರ ಪರವಾಗಿ ಜೊನಾಥನ್ ಟಸಿನಿ ಕೋರ್ಟಿಗೆ ಹೋದರು. ಬಿಡಿ ಬರಹಗಾರರ ಲೇಖನಗಳನ್ನು ಕೇಳದೆ ಕಂಪ್ಯೂಟರ್ ಭಂಡಾರಕ್ಕೆ ಸೇರಿಸಿದ್ದರ ವಿರುದ್ಧ 2001ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು ಇವರೇ. ಈ ಸಲ ಕೇಳಿದ್ದು ಬೆಲೆಯ ಮೂರನೇ ಒಂದು ಪಾಲು, 10.5 ಕೋಟಿ ಡಾಲರ್. 2012ರ ಮಾರ್ಚಿನಲ್ಲಿ ದಾವೆ ವಜಾ ಆಯಿತು. ಕೋರ್ಟು ಹೇಳಿದ್ದರ ಸಾರ ಇಷ್ಟು: ದುಡ್ಡು ಕೊಡೋದಿಲ್ಲ ಅಂತ ಗೊತ್ತಿದ್ದೇ ಬರೆದಿರಿ, ಈಗ ಕೇಳೋದಕ್ಕೆ ಹಕ್ಕಿಲ್ಲ.

ಗೆಳೆಯರೇ, ಈ ಮಾತನ್ನು ನಾವು ಎಲ್ಲೋ ಕೇಳಿದ ಹಾಗಿಲ್ಲವೇ? 'ಒಪ್ಪಿಕೊಂಡೇ ಬಂದೆಯಲ್ಲೋ, ಈಗೇನು ತಕರಾರು?' ಜೀತವನ್ನೂ ಇದನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಜೀತದಾಳಿನ ಬೆನ್ನ ಮೇಲಿನ ಬಾಸುಂಡೆ ಈ ಬರಹಗಾರರ ಬೆನ್ನಿಗಿಲ್ಲ, ಹಸಿವೂ ಇಲ್ಲ. ಆದರೆ ಒಪ್ಪಿಗೆ ಅನ್ನೋ ಮಾತಿನ ಮರೆಯಲ್ಲಿ ದುಡಿಮೆ ಕಣ್ಮರೆಯಾಗೋದು ಎರಡು ಕಡೆಯೂ ಒಂದೇ. ಜೀತಕ್ಕೆ ಒಪ್ಪಿದ ಕರಾರು ಕರಾರೇ ಅಲ್ಲ ಅಂತ ನಮ್ಮ ದೇಶದಲ್ಲಿ ಹೇಳೋದಕ್ಕೆ 1976ರ ಕಾನೂನೇ ಬರಬೇಕಾಯಿತು.

ಯೂಟ್ಯೂಬ್ ಇನ್ನೂ ಜಾಣ. 2005ರಲ್ಲಿ ಹುಟ್ಟಿದ ಅದನ್ನು ಮರುವರ್ಷ ಗೂಗಲ್ 165 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. 2007ರಿಂದ ಕೆಲವರಿಗೆ ಜಾಹೀರಾತಿನಲ್ಲಿ ಪಾಲು ಕೊಡತೊಡಗಿತು. ಇದನ್ನು ಒಪ್ಪಿಕೊಳ್ಳೋಣ. ಆದರೆ 2018ರಲ್ಲಿ ಬೇಲಿ ಎತ್ತರಿಸಿತು: ಸಾವಿರ ಚಂದಾದಾರರು, ವರ್ಷಕ್ಕೆ ನಾಲ್ಕು ಸಾವಿರ ಗಂಟೆ ನೋಟ ಇಲ್ಲದವರಿಗೆ ಪಾಲಿಲ್ಲ. 2020ರ ನವೆಂಬರಿನಲ್ಲಿ ಇನ್ನೊಂದು ಹೆಜ್ಜೆ: ಪಾಲಿಲ್ಲದವರ ವಿಡಿಯೋಗಳ ಮೇಲೂ ಜಾಹೀರಾತು ಹಾಕುತ್ತೇವೆ, ದುಡ್ಡು ಮಾತ್ರ ನಮ್ಮದು! 2019ರ ಒಂದೇ ವರ್ಷ ಅದರ ಜಾಹೀರಾತಿನ ಆದಾಯ 1500 ಕೋಟಿ ಡಾಲರಿಗೂ ಹೆಚ್ಚು.

ಕೆಲವರು ಕೇಳುತ್ತಾರೆ: ದೊಡ್ಡ ಪತ್ರಿಕೆಗಳು ನಮ್ಮ ಕೇರಿಯ ಸುದ್ದಿಯನ್ನು ಮುಟ್ಟದೆ ಇದ್ದಾಗ ಈ ಕಂಪನಿಗಳಲ್ಲವೇ ಬಾಗಿಲು ತೆಗೆದದ್ದು? ನಿಜ. ಹಲ್ಲೆಯ ವಿಡಿಯೋ, ಹೋರಾಟದ ಹಾಡು, ಅಂಬೇಡ್ಕರ್ ಜಯಂತಿಯ ಭಾಷಣ ಜನಕ್ಕೆ ಮುಟ್ಟಿದ್ದು ಆ ದಾರಿಯಲ್ಲೇ. ಅದನ್ನು ಬಿಟ್ಟು ಬನ್ನಿ ಅಂತ ನಾವು ಹೇಳುತ್ತಿಲ್ಲ. ಒಳಗೆ ಬಿಟ್ಟುಕೊಂಡ ಮಾತ್ರಕ್ಕೆ ಮನೆ ನಮ್ಮದಾಗೋದಿಲ್ಲ ಅನ್ನೋದನ್ನ ಮರೆಯಬೇಡಿ ಅಂತಿದ್ದೇವೆ, ಅಷ್ಟೆ.

ಹಫಿಂಗ್ಟನ್ ಪೋಸ್ಟ್ 2018ರ ಜನವರಿಯಲ್ಲಿ ಅಮೆರಿಕಾದಲ್ಲಿ ಆ ಬಿಟ್ಟಿ ಬರಹದ ಪದ್ಧತಿಯನ್ನೇ ನಿಲ್ಲಿಸಿತು. ಬರೆದವರಿಗೆ ಹಳೆಯ ಬಾಕಿ ಬರಲಿಲ್ಲ. ನಮ್ಮ ಹುಡುಗರು, ಮೇಷ್ಟ್ರುಗಳು ಇದರಿಂದ ಕಲಿಯೋದು ಎರಡು. ಏನೇ ಹಾಕಿದರೂ ಒಂದು ಪ್ರತಿ ನಿಮ್ಮ ಸಂಘದ ಪೆಟ್ಟಿಗೆಯಲ್ಲಿರಲಿ. ಧಣಿ ಬೀಗ ಹಾಕುವ ದಿನ ಹೇಳಿ ಬಂದರೂ ನಮ್ಮ ಕಿವಿಗೆ ಬೀಳೋದು ತಡ. ಮತ್ತೆ, ಬರೆದದ್ದು, ಹಾಡಿದ್ದು, ಚಿತ್ರ ತೆಗೆದದ್ದು ದುಡಿಮೆ ಅಂತ ಮೊದಲು ನಾವೇ ಒಪ್ಪಿಕೊಳ್ಳೋಣ. ಆಮೇಲೆ ಒಟ್ಟಾಗಿ ಪಾಲು ಕೇಳೋಣ.