ಐಡ್ಲಿಂಗ್ ಏರಿದಾಗ: ತಿರುಪಿನಿಂದ ಸಂವೇದಕದವರೆಗೆ

ಎಕ್ಸಿಲರೇಟರ್‌ನಿಂದ ಕಾಲು ತೆಗೆದರೂ ನಿಂತ ಕಾರಿನ ಇಂಜಿನ್ ಆರಿಹೋಗುವುದಿಲ್ಲ. ನಿಮಿಷಕ್ಕೆ ಸುಮಾರು 800ರಿಂದ 900 ಸುತ್ತು ತಿರುಗುತ್ತಲೇ ಇರುತ್ತದೆ. ಗ್ಯಾರೇಜಿನವರು ಇದನ್ನು ‘ಐಡ್ಲಿಂಗ್’ ಎನ್ನುತ್ತಾರೆ. ಕೆಲವು ಹಳೆಯ ಕಾರುಗಳಲ್ಲಿ ಇದು 1,500 ಅಥವಾ 2,000ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ಏಕೆ ಹೀಗೆ? ಉತ್ತರಕ್ಕಾಗಿ, ಇಂಜಿನ್ನಿಗೆ ಇಂಧನ ಉಣಿಸುವ ವಿಧಾನದ ಇತಿಹಾಸವನ್ನೇ ನೋಡಬೇಕು.

ಮೊದಲು ಒಂದು ಮೂಲಸಂಗತಿ. 1 ಕಿ.ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿ.ಗ್ರಾಂ ಗಾಳಿ ಬೇಕು. ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಕವಾಟ ಮುಚ್ಚಿದಾಗ ಅದರಾಚೆಗಿನ ಕೊಳವೆಯಲ್ಲಿ ಒತ್ತಡ ತಗ್ಗಿ, ಭಾಗಶಃ ನಿರ್ವಾತ ಉಂಟಾಗುತ್ತದೆ. ಆ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳನುಗ್ಗುತ್ತದೆ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿದ್ದುದು ಕಾರ್ಬ್ಯುರೇಟರ್. ವೇಗವಾಗಿ ಹರಿಯುವ ಗಾಳಿಯೇ ಅಲ್ಲಿ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಆದರೆ ಗಾಳಿ ವಿರಳವಾದುದನ್ನು ಅದು ಸರಿಯಾಗಿ ಗುರುತಿಸಲಾರದು. ಕಡಲ ಮಟ್ಟದಲ್ಲಿ ಪಾದರಸದ ಎತ್ತರ 760 ಮಿ.ಮೀ. ಇದ್ದರೆ, ಸುಮಾರು 700 ಮೀಟರ್ ಎತ್ತರದ ಹುಬ್ಬಳ್ಳಿ-ಧಾರವಾಡದಲ್ಲಿ ಅದು ಹೆಚ್ಚುಕಡಿಮೆ 700 ಮಿ.ಮೀ. ಹಾಗಾಗಿ ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದ ಕಾರಿನಲ್ಲಿ ಪೆಟ್ರೋಲಿನ ಪಾಲು ತುಸು ಹೆಚ್ಚಾಗುತ್ತಿತ್ತು. ಮೆಕ್ಯಾನಿಕ್ ಇಂಜಿನ್ನಿನ ಸದ್ದು ಕೇಳುತ್ತ ತಿರುಪನ್ನು ಅರ್ಧ ಸುತ್ತು ತಿರುಗಿಸುತ್ತಿದ್ದ, ಐಡ್ಲಿಂಗ್ ಸರಿಹೋಗುತ್ತಿತ್ತು.

ಅಮೆರಿಕದಲ್ಲಿ ವಾಹನಗಳ ಹೊಗೆಯ ಮೇಲೆ ನಿಯಂತ್ರಣ ಬಂದಾಗ ಇಷ್ಟು ನಿಖರತೆ ಸಾಲದಾಯಿತು. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ‘ಡಿ-ಜೆಟ್ರಾನಿಕ್’ ಎಂಬ ವಿದ್ಯುನ್ಮಾನ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ‘ಡಿ’ ಎಂದರೆ ಜರ್ಮನ್ ಭಾಷೆಯ ಡ್ರುಕ್, ಅಂದರೆ ಒತ್ತಡ. ಕೊಳವೆಯ ಒತ್ತಡವನ್ನು ಅಳೆದು ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಅದು ನಿರ್ಧರಿಸುತ್ತಿತ್ತು. 1970ರ ದಶಕದಲ್ಲಿ ಬಂದ ‘ಎಲ್-ಜೆಟ್ರಾನಿಕ್’ ಒಳಬರುವ ಗಾಳಿಯ ಹರಿವನ್ನೇ ಅಳೆಯುತ್ತಿತ್ತು.

ಈಗ ಯೋಚಿಸಿ. ಎರಡರಲ್ಲೂ ಒಂದೇ ಬಗೆಯ ಬಿರುಕು ಬಿದ್ದರೆ ಏನಾಗುತ್ತದೆ? ಮೊದಲನೆಯದರಲ್ಲಿ ಕೊಳವೆಯ ಒತ್ತಡ ಏರುತ್ತದೆ, ವ್ಯವಸ್ಥೆ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಐಡ್ಲಿಂಗ್ ಏರುತ್ತದೆ. ಎರಡನೆಯದರಲ್ಲಿ ಬಿರುಕಿನ ಗಾಳಿ ಅಳತೆಗೇ ಸಿಗುವುದಿಲ್ಲ. ಪೆಟ್ರೋಲ್ ಸಾಲದೆ ಇಂಜಿನ್ ತಡವರಿಸುತ್ತದೆ. ದೋಷ ಒಂದೇ, ಲಕ್ಷಣ ಬೇರೆ! ಯಾವ ರಾಶಿಯನ್ನು ಅಳೆಯಲಾಗುತ್ತಿದೆ ಎಂಬುದು ತಿಳಿಯದೆ ಲಕ್ಷಣದ ಅರ್ಥ ಆಗದು.

ಈ ಕಾರುಗಳಲ್ಲಿ ಇನ್ನೊಂದು ಉಪಕರಣವೂ ಇತ್ತು. ತಣ್ಣಗಿರುವ ಇಂಜಿನ್ನಿಗೆ ಹೆಚ್ಚುವರಿ ಗಾಳಿ ಬಿಡುವ, ಬಿಸಿಯಾದಂತೆ ತಾನೇ ಮುಚ್ಚಿಕೊಳ್ಳುವ ಕವಾಟ. ಅನೇಕ ಮಾದರಿಗಳಲ್ಲಿ ಅದನ್ನು ಚಲಿಸುತ್ತಿದ್ದುದು ನೀವು ತರಗತಿಯಲ್ಲಿ ತೋರಿಸುವ ದ್ವಿಲೋಹ ಪಟ್ಟಿ. ಮಸಿ ಹಿಡಿದು ಕವಾಟ ತೆರೆದೇ ಉಳಿದರೆ ಐಡ್ಲಿಂಗ್ ಇಳಿಯುವುದಿಲ್ಲ.

ಭಾರತದಲ್ಲಿ 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿತು. ಏಪ್ರಿಲ್ 1ರಿಂದ ಹೊಸ ಹೊಗೆ ಮಿತಿಗಳು ಜಾರಿಯಾದವು. ಅದೇ ವರ್ಷ ಮಾರುತಿ 800 ಕಾರಿಗೂ ‘ಎಂಪಿಎಫ್‌ಐ’ ಬಂದಿತು. ಅವಳಿ ನಗರದ ಗ್ಯಾರೇಜುಗಳಲ್ಲೂ ತಿರುಪಿನ ಕಾಲ ಮುಗಿಯತೊಡಗಿತು. ಐಡ್ಲಿಂಗನ್ನು ನಿರ್ಧರಿಸುವುದು ಈಗ ಕಂಪ್ಯೂಟರ್. ಥ್ರಾಟಲ್‌ನ ತಡೆತಿರುಪನ್ನು ಹಳೆಯ ಅಭ್ಯಾಸದಂತೆ ತಿರುಗಿಸಿದರೆ ಕವಾಟ ಮುಚ್ಚಿದೆಯೋ ಇಲ್ಲವೋ ಎಂಬುದೇ ಕಂಪ್ಯೂಟರಿಗೆ ತಪ್ಪಾಗಿ ತಿಳಿಯಬಹುದು. ಆಗ ಒಂದು ದೋಷದ ಜೊತೆಗೆ ಎರಡನೆಯದು ಸೇರುತ್ತದೆ.

ಹಾಗಾದರೆ ಪರೀಕ್ಷೆಯ ಕ್ರಮವೇನು? ಮೊದಲು ಎಕ್ಸಿಲರೇಟರ್ ತಂತಿ ಬಿಗಿಯಾಗಿದೆಯೇ, ಥ್ರಾಟಲ್ ಪೂರ್ತಿ ಮುಚ್ಚುತ್ತದೆಯೇ ನೋಡಬೇಕು. ಬಳಿಕ ರಬ್ಬರ್ ಪೈಪುಗಳ ಬಳಿ ‘ಸುಯ್’ ಎಂಬ ಸದ್ದಿಗೆ ಕಿವಿಗೊಡಬೇಕು. ಹೆಚ್ಚುವರಿ ಗಾಳಿಯ ಪೈಪನ್ನು ಅದುಮಿ ಹಿಡಿದಾಗ, ಬಿಸಿ ಇಂಜಿನ್ನಿನ ವೇಗ ಬಹಳವಾಗಿ ಇಳಿದರೆ ಕಳ್ಳದಾರಿ ಅಲ್ಲಿದೆ. ಕೊನೆಗೆ ತಂಪುನೀರಿನ ಉಷ್ಣತಾ ಸಂವೇದಕ. ಇದು ಥರ್ಮಿಸ್ಟರ್; ಬಿಸಿಯಾದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000ದಿಂದ 3,000 ಓಮ್ ಇದ್ದದ್ದು 80 ಡಿಗ್ರಿಯಲ್ಲಿ ಸುಮಾರು 300 ಓಮ್‌ಗೆ ಬರುತ್ತದೆ. ಅದರ ತಂತಿ ಕಡಿದರೆ ರೋಧ ಅಪಾರವಾಗುತ್ತದೆ. ಆಗ ಹಳೆಯ ವ್ಯವಸ್ಥೆ ಇಂಜಿನ್ ಹಿಮದಷ್ಟು ತಣ್ಣಗಿದೆ ಎಂದು ಬಗೆದು, ಧಾರವಾಡದ ಏಪ್ರಿಲ್ ಬಿಸಿಲಿನಲ್ಲೂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ!

ಇದು ಬರೀ ಸದ್ದಿನ ತೊಂದರೆಯಲ್ಲ. ಪೆಟ್ರೋಲ್ ವ್ಯರ್ಥ, ಗೇರ್ ಹಾಕಿದಾಗ ಕಾರು ತಾನಾಗಿ ಮುನ್ನುಗ್ಗಬಹುದು, ಪೆಟ್ರೋಲ್ ಹೆಚ್ಚಾದ ಮಿಶ್ರಣ ಉರಿದಾಗ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಹೊಗೆ ತಪಾಸಣೆಯಲ್ಲಿ ಈ ಅನಿಲವನ್ನು ಐಡ್ಲಿಂಗ್ ಸ್ಥಿತಿಯಲ್ಲೇ ಅಳೆಯುತ್ತಾರೆ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿ ಪರೀಕ್ಷಿಸುವುದು ಪ್ರಾಣಕ್ಕೇ ಅಪಾಯ.

ಶಿಕ್ಷಕರೇ, ಒಂದು ಥರ್ಮಿಸ್ಟರ್, ಒಂದು ಮಲ್ಟಿಮೀಟರ್, ಒಂದು ಲೋಟ ಬಿಸಿನೀರು ಇದ್ದರೆ ಈ ಇತಿಹಾಸದ ಒಂದು ಪುಟವನ್ನು ತರಗತಿಯಲ್ಲೇ ತೆರೆಯಬಹುದು. ನೀರು ಆರುತ್ತಿದ್ದಂತೆ ಏರುವ ರೋಧವನ್ನು ವಿದ್ಯಾರ್ಥಿಗಳೇ ಬರೆದು ನಕ್ಷೆ ಎಳೆಯಲಿ. ಕಂಪ್ಯೂಟರ್ ಇಂಜಿನ್ನಿನ ಬಿಸಿಯನ್ನು ಅರಿಯುವುದು ಆ ರೇಖೆಯ ಮೂಲಕವೇ.