ನೀರು, ನಿಯಮ ಮತ್ತು ಮಹಿಳೆ: ಸ್ಲಾಲಮ್ ದೋಣಿಸ್ಪರ್ಧೆಯ ಚರಿತ್ರೆಯಿಂದ ಒಂದು ವಿಚಾರ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಆಗಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಕೂಡುವ ಜಯಮಂಗಲಿಯ ಪಾತ್ರದಲ್ಲಿ ವರ್ಷದ ಬಹುಕಾಲ ಕಾಣುವುದು ಮರಳು. ಆ ಹೊಳೆಯ ಹೆಸರು ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಮೈದನಹಳ್ಳಿಯ ಬಯಲಿನ ಕೃಷ್ಣಮೃಗಗಳಿಂದಲೇ ಹೊರತು ನೀರಿನಿಂದಲ್ಲ. ಇಂತಹ ಸೀಮೆಯ ವಿದ್ಯಾರ್ಥಿನಿಯರ ಮುಂದೆ ಅಂತರರಾಷ್ಟ್ರೀಯ ಸ್ಲಾಲಮ್ ದೋಣಿಸ್ಪರ್ಧೆಯ ಚರಿತ್ರೆಯನ್ನು ಇಡುವುದು ಅಸಂಗತವೆಂದು ವಾಚಕರಿಗೆ ತೋರಬಹುದು. ಆದರೆ ನಾವು ಈ ವಿಷಯವನ್ನು ಆರಿಸಿಕೊಂಡಿರುವುದು ಆ ಕಾರಣದಿಂದಲೇ. 'ನಮ್ಮಲ್ಲಿ ನೀರಿಲ್ಲ', 'ಅದು ಹೆಣ್ಣುಮಕ್ಕಳಿಗೆ ಒಗ್ಗುವುದಲ್ಲ' ಎಂಬ ಎರಡು ಮಾತುಗಳನ್ನೂ ನಾವು ಪ್ರಕೃತಿಯ ತೀರ್ಪುಗಳೆಂಬಂತೆ ಆಡುತ್ತೇವೆ. ಈ ಸ್ಪರ್ಧೆಯ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯಾದರೋ, ಪ್ರಕೃತಿಯದೆಂದು ತೋರಿದ್ದರಲ್ಲಿ ಬಹುಭಾಗ ಮನುಷ್ಯರ ಏರ್ಪಾಡೇ ಆಗಿತ್ತೆಂಬುದನ್ನು ತೋರಿಸುತ್ತದೆ. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ಪರ್ಧೆಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯೋಣ. ಬಂಡೆಗಳ ನಡುವೆ ನೊರೆಗಟ್ಟಿ ಹರಿಯುವ ನೀರಿನ ಮೇಲೆ ಜೋಡಿ ಕೋಲುಗಳನ್ನು ತೂಗುಬಿಟ್ಟಿರುತ್ತಾರೆ. ಒಂದೊಂದು ಜೋಡಿಯೂ ಒಂದು ದ್ವಾರ. ಸಾಮಾನ್ಯವಾಗಿ 18ರಿಂದ 25 ದ್ವಾರಗಳಿರುತ್ತವೆ. ಹಸುರು ಬಿಳಿ ಪಟ್ಟೆಯ ದ್ವಾರಗಳನ್ನು ಪ್ರವಾಹದ ಜೊತೆಯಲ್ಲಿ ದಾಟಬೇಕು. ಕೆಂಪು ಬಿಳಿ ಪಟ್ಟೆಯವನ್ನು ದೋಣಿಯನ್ನು ತಿರುಗಿಸಿ ಪ್ರವಾಹಕ್ಕೆ ಎದುರಾಗಿ ದಾಟಬೇಕು. ಕೋಲನ್ನು ಸೋಕಿದರೆ 2 ಸೆಕೆಂಡು, ದ್ವಾರವನ್ನು ತಪ್ಪಿಸಿದರೆ 50 ಸೆಕೆಂಡು ದಂಡವಾಗಿ ಕಾಲಕ್ಕೆ ಸೇರುತ್ತದೆ. ಆದಕಾರಣ ಇಲ್ಲಿ ಗೆಲ್ಲುವುದು ಬರಿಯ ತೋಳ್ಬಲವಲ್ಲ; ಸುಳಿಯೆಲ್ಲಿದೆ, ಬಂಡೆಯ ಮರೆಯಲ್ಲಿ ನಿಂತ ನೀರೆಲ್ಲಿದೆ ಎಂದು ಓದಬಲ್ಲ ಕಣ್ಣೂ ಬೇಕು. ದೋಣಿಗಳಲ್ಲಿ ಎರಡು ಬಗೆ. ಕಯಾಕಿನಲ್ಲಿ ಸ್ಪರ್ಧಿ ಕಾಲು ಚಾಚಿ ಕುಳಿತು, ಎರಡು ತುದಿಗಳಲ್ಲೂ ಅಲಗಿರುವ ಹುಟ್ಟನ್ನು ಬಳಸುತ್ತಾಳೆ. ಕೆನೂ ದೋಣಿಯಲ್ಲಿ ಮೊಣಕಾಲೂರಿ, ನಮ್ಮ ಹರಿಗೋಲಿನ ಅಂಬಿಗನ ಹಾಗೆ ಒಂದೇ ಅಲಗಿನ ಹುಟ್ಟನ್ನು ಹಿಡಿಯುತ್ತಾಳೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬರುವ ಕಥೆಯ ಅರ್ಧಭಾಗ ಇದನ್ನೇ ಅವಲಂಬಿಸಿದೆ.

ಸ್ಲಾಲಮ್ ಎಂಬ ಮಾತು ನಾರ್ವೆಯ ಹಿಮದ ಇಳಿಜಾರಿನಿಂದ ಬಂದುದು. ಹಿಮಜಾರಾಟದ ದ್ವಾರಗಳನ್ನು ನೀರಿನ ಮೇಲೆ ಹೂಡಿದರೆ ಹೇಗೆಂಬ ಯೋಚನೆ 1930ರ ದಶಕದ ಆದಿಯಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿತು. ಗಮನಾರ್ಹವಾದ ಸಂಗತಿಯೆಂದರೆ, ಆ ಮೊದಲ ಪ್ರಯೋಗ ನಡೆದದ್ದು ಭೋರ್ಗರೆವ ನದಿಯಲ್ಲಿ ಅಲ್ಲ. ಹಾಲ್ವಿಲ್ ಎಂಬ ಸರೋವರದ ನಿಂತ ನೀರಿನಲ್ಲಿ. ರಭಸದ ನೀರಿಗೆ ಆಟ ಇಳಿದದ್ದು ಅನಂತರ. 1949ರಲ್ಲಿ ಜಿನೀವಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗಲೇ ಮಹಿಳೆಯರಿಗೆ ಮಡಿಸುವ ಕಯಾಕಿನ ಸ್ಪರ್ಧೆಯಿದ್ದು, ಆಸ್ಟ್ರಿಯಾದ ಹೈಡಿ ಪಿಲ್‌ವೈನ್ ಅದರಲ್ಲಿ ಗೆದ್ದರು. ಎಂದರೆ, ಮಹಿಳೆಯರು ಈ ಆಟಕ್ಕೆ ತಡವಾಗಿ ಬಂದವರಲ್ಲ. ವಿಶ್ವಕೂಟದ ಮೊದಲ ದಿನಗಳಿಂದಲೂ ಅವರು ನೀರಿನಲ್ಲಿದ್ದರು. ಅವರಿಗೆ ತಡವಾಗಿ ದೊರೆತದ್ದು ಸಮಾನವಾದ ಪಾಲು.

1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಸ್ಲಾಲಮ್ ಮೊತ್ತಮೊದಲಿಗೆ ಸೇರಿತು. ಸ್ಪರ್ಧೆ ನಡೆದದ್ದು ಆಗ್ಸ್‌ಬರ್ಗ್ ನಗರದಲ್ಲಿ, ಲೆಕ್ ನದಿಯ ನೀರನ್ನು ತಿರುಗಿಸಿ ಕಾಂಕ್ರೀಟಿನಿಂದ ಕಟ್ಟಿದ ಐಸ್‌ಕನಾಲ್ ಎಂಬ ಕಾಲುವೆಯಲ್ಲಿ. ಒಲಿಂಪಿಕ್ ಸ್ಲಾಲಮ್ ಹೀಗೆ ಮೊದಲ ದಿನದಿಂದಲೇ ಮನುಷ್ಯನಿರ್ಮಿತ ಜಲಮಾರ್ಗದ ಆಟ. ಪೂರ್ವ ಜರ್ಮನಿಯವರು ಈ ಕಾಲುವೆಯ ಪ್ರತಿರೂಪವನ್ನು ತಮ್ಮ ತ್ಸ್ವಿಕಾವ್ ನಗರದಲ್ಲಿ ಕಟ್ಟಿಕೊಂಡು ಅಭ್ಯಾಸಮಾಡಿ, ನಾಲ್ಕೂ ಚಿನ್ನದ ಪದಕಗಳನ್ನು ಪಡೆದರು. ಮಹಿಳೆಯರ ಕಯಾಕ್ ಸ್ಪರ್ಧೆಯಲ್ಲಿ ಗೆದ್ದವರು ಆ ದೇಶದ ಆಂಗೆಲಿಕಾ ಬಾಮನ್. ಬಳಿಕ ಈ ಆಟ ಒಲಿಂಪಿಕ್ಸಿನಿಂದ ಮರೆಯಾಗಿ, ಮತ್ತೆ ಬಂದದ್ದು ಇಪ್ಪತ್ತು ವರ್ಷಗಳ ಮೇಲೆ. ಇಂತಹ ಕಾಲುವೆಯನ್ನು ಕಟ್ಟುವ ವೆಚ್ಚ ಆತಿಥೇಯ ನಗರಗಳಿಗೆ ದೊಡ್ಡ ಹೊರೆಯಾಗಿದ್ದಿತು.

1992ರ ಬಾರ್ಸಿಲೋನಾ ಕೂಟಕ್ಕಾಗಿ ಲಾ ಸೆಯು ದುರ್ಜೆಲ್ ಪಟ್ಟಣದಲ್ಲಿ ಸೆಗ್ರೆ ನದಿಯ ಬದಿಗೆ ಕಟ್ಟಿದ ಜಲಮಾರ್ಗದಲ್ಲಿ ನೀರೆತ್ತುವ ಯಂತ್ರಗಳನ್ನೇ ಹಿಮ್ಮುಖವಾಗಿ ನಡೆಸಿ ವಿದ್ಯುತ್ತನ್ನು ಪಡೆಯುವ ಏರ್ಪಾಡಿತ್ತು. ಅಲ್ಲಿ ಜರ್ಮನಿಯ ಎಲಿಜಬೆತ್ ಮಿಶೆಲರ್ ಗೆದ್ದರು. 1996ರ ಅಟ್ಲಾಂಟಾ ಕೂಟದ ಸ್ಲಾಲಮ್ ಟೆನೆಸಿ ರಾಜ್ಯದ ಒಕೋಯಿ ನದಿಯಲ್ಲಿ ನಡೆಯಿತು. ನದಿಯೆಂದರೂ ಆ ಭಾಗದ ಪಾತ್ರ ಸಾಮಾನ್ಯವಾಗಿ ಒಣಗಿಯೇ ಇರುತ್ತಿತ್ತು. ಅದರ ನೀರು ವಿದ್ಯುದಾಗಾರದ ಕಡೆಗೆ ತಿರುಗಿಹೋಗುತ್ತಿತ್ತು. ಆ ಒಣಪಾತ್ರವನ್ನು ಕಲ್ಲುಗಳಿಂದ ಕಿರಿದುಮಾಡಿ, ಕೂಟದ ದಿನಗಳಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರು. 2000ದ ಸಿಡ್ನಿ ಕೂಟದ ಜಲಮಾರ್ಗ ಪೆನ್ರಿತ್‌ನಲ್ಲಿ ಮರಳು ಜಲ್ಲಿಗಳನ್ನು ಅಗೆದು ತೆಗೆದ ಹಳೆಯ ನೆಲದಲ್ಲಿ ಎದ್ದಿತು. 2004ರಲ್ಲಿ ಅಥೆನ್ಸಿನವರು ಸಮುದ್ರದ ಉಪ್ಪುನೀರನ್ನೇ ಯಂತ್ರಗಳಿಂದೆತ್ತಿ ಹರಿಸಿದರು. ಒಣಹೊಳೆ, ಕಲ್ಲುಗಣಿ, ಕಡಲು ಇವುಗಳಿಂದ ವಿಶ್ವದ ಅತ್ಯುನ್ನತ ಸ್ಪರ್ಧೆಯ ನೀರನ್ನು ಹೊರಡಿಸಿದ ಮೇಲೆ, ಬೆಟ್ಟದ ಹೊಳೆಯಿರುವ ನಾಡಿನವರಿಗೇ ಈ ಆಟ ಮೀಸಲೆಂಬ ಮಾತು ನಿಲ್ಲಲಾರದು.

ಈ ಜಲಮಾರ್ಗಗಳಲ್ಲಿ ಹೆಸರಾದ ಮಹಿಳೆಯರ ಜೀವನವೂ ಕೆಲವು ರೂಢ ನಂಬಿಕೆಗಳಿಗೆ ಉತ್ತರವಾಗಿದೆ. ಚೆಕ್ ದೇಶದ ಷ್ಟೆಪಾಂಕಾ ಹಿಲ್ಗೆರ್ಟೊವಾ 1996 ಮತ್ತು 2000ದ ಕೂಟಗಳೆರಡರಲ್ಲೂ ಚಿನ್ನ ಗೆದ್ದಾಗ ತಾಯಿಯಾಗಿದ್ದರು. 1992ರಿಂದ 2012ರವರೆಗೆ ಆರು ಒಲಿಂಪಿಕ್ಸುಗಳಲ್ಲಿ ಸ್ಪರ್ಧಿಸಿದ ಅವರಿಗೆ ಕೊನೆಯ ಕೂಟದ ವೇಳೆಗೆ 44 ವರ್ಷ. ಸ್ಲೊವಾಕಿಯಾದ ಎಲೆನಾ ಕಾಲಿಸ್ಕಾ 2004 ಹಾಗೂ 2008ರಲ್ಲಿ, ಫ್ರಾನ್ಸಿನ ಎಮಿಲಿ ಫೆರ್ 2012ರಲ್ಲಿ ಗೆದ್ದರು. ಸ್ಪೇನಿನ ಪರವಾಗಿ ಸ್ಪರ್ಧಿಸಿದ ಬಾಸ್ಕ್ ನಾಡಿನ ಮೈಯಾಲೆನ್ ಚೌರ್ರೌಟ್ 2012ರಲ್ಲಿ ಕಂಚು ಪಡೆದು, 2013ರಲ್ಲಿ ಮಗಳನ್ನು ಹೆತ್ತು, 2016ರಲ್ಲಿ ಚಿನ್ನವನ್ನೂ ಟೋಕಿಯೋದಲ್ಲಿ ಬೆಳ್ಳಿಯನ್ನೂ ಗೆದ್ದರು. ತಾಯ್ತನದೊಡನೆ ಹೆಣ್ಣಿನ ದೇಹಸಾಮರ್ಥ್ಯ ಮುಗಿಯಿತೆಂದು ಬಗೆಯುವವರು ಈ ಅನುಕ್ರಮವನ್ನು ಒಮ್ಮೆ ನೋಡಬೇಕು.

ಇನ್ನು ನಿಯಮದ ಮಾತು. 1972ರಿಂದ 2016ರವರೆಗೆ ಸ್ಲಾಲಮ್ ಇದ್ದ ಎಂಟು ಒಲಿಂಪಿಕ್ಸುಗಳಲ್ಲಿ ಪ್ರತಿಸಾರಿಯೂ ಪುರುಷರಿಗೆ ಮೂರು ಸ್ಪರ್ಧೆಗಳು, ಮಹಿಳೆಯರಿಗೆ ಒಂದೇ ಒಂದು. ಒಟ್ಟು ಲೆಕ್ಕದಲ್ಲಿ ಅವರಿಗೆ 24, ಇವರಿಗೆ 8. ಕಯಾಕಿನಲ್ಲಿ ಕುಳಿತು ಸ್ಪರ್ಧಿಸಬಹುದಾಗಿದ್ದ ಮಹಿಳೆ ಕೆನೂ ದೋಣಿಯಲ್ಲಿ ಮೊಣಕಾಲೂರುವುದಕ್ಕೆ ಆ ಕೂಟಗಳಲ್ಲಿ ಅವಕಾಶವಿರಲಿಲ್ಲ. ಕಳೆದ ಶತಮಾನದ ನಡುವಿನ ವಿಶ್ವಕೂಟಗಳಲ್ಲಿ ಗಂಡು ಹೆಣ್ಣು ಜೋಡಿಯಾಗಿ ಒಂದೇ ಕೆನೂ ದೋಣಿಯನ್ನು ನಡೆಸುತ್ತಿದ್ದರು. ಆದುದರಿಂದ ಆ ದೋಣಿ ಸ್ತ್ರೀದೇಹಕ್ಕೆ ಒಗ್ಗದೆಂಬ ವಾದಕ್ಕೆ ಆಧಾರವಿರಲಿಲ್ಲ. ಸ್ಪರ್ಧಿಗಳ ಸಂಖ್ಯೆ ಸಾಲದೆಂಬುದು ಇನ್ನೊಂದು ಸಮಾಧಾನ. ಇದನ್ನು ಚರಿತ್ರೆಯ ವಿದ್ಯಾರ್ಥಿಗಳು ಎಚ್ಚರಿಕೆಯಿಂದ ನೋಡಬೇಕು. ಸ್ಪರ್ಧೆಯಿಲ್ಲದೆಡೆ ಸ್ಪರ್ಧಿಗಳು ಹುಟ್ಟುವುದಿಲ್ಲ. ಸ್ಪರ್ಧಿಗಳಿಲ್ಲವೆಂದು ಸ್ಪರ್ಧೆಯನ್ನು ಏರ್ಪಡಿಸುವುದಿಲ್ಲ. ಕಾರ್ಯವನ್ನೇ ಕಾರಣವೆಂದು ತೋರಿಸುವ ಈ ಚಕ್ರವು ಹೆಣ್ಣುಮಕ್ಕಳ ವಿದ್ಯಾಭ್ಯಾಸವೇ ಮೊದಲಾದ ಎಷ್ಟೋ ಕ್ಷೇತ್ರಗಳಲ್ಲಿ ಹೀಗೆಯೇ ತಿರುಗಿದೆ.

ಚಕ್ರ ಮುರಿದದ್ದು ಹೇಗೆಂಬುದು ಸ್ಪಷ್ಟವಾಗಿದೆ. 2010ರಲ್ಲಿ ಸ್ಲೊವೇನಿಯಾದ ಟಾಟ್ಸೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಮಹಿಳೆಯರ ಕೆನೂ ಸ್ಪರ್ಧೆಗೆ ಪದಕವಿತ್ತರು. ಗೆದ್ದವರು ಸ್ಲೊವಾಕಿಯಾದ ಯಾನಾ ದುಕಾತೊವಾ. 2006ರಲ್ಲಿ ಕಯಾಕಿನ ವಿಶ್ವವಿಜೇತೆಯೂ ಅವರೇ. ಟೋಕಿಯೋ ಕೂಟಕ್ಕಾಗಿ ಪುರುಷರ ಜೋಡಿ ಕೆನೂ ಸ್ಪರ್ಧೆಯನ್ನು ತೆಗೆದು ಮಹಿಳೆಯರ ಕೆನೂ ಸ್ಪರ್ಧೆಯನ್ನು ಸೇರಿಸಿದರು. 2021ರ ಜುಲೈ ತಿಂಗಳಿನಲ್ಲಿ ಆ ಸ್ಪರ್ಧೆಯ ಮೊದಲ ಒಲಿಂಪಿಕ್ ಚಿನ್ನ ಆಸ್ಟ್ರೇಲಿಯಾದ ಜೆಸಿಕಾ ಫಾಕ್ಸ್ ಅವರಿಗೆ ದೊರೆಯಿತು. 2024ರ ಪ್ಯಾರಿಸ್ ಕೂಟದಲ್ಲಿ ನಾಲ್ವರು ಏಕಕಾಲಕ್ಕೆ ನೀರಿಗಿಳಿಯುವ ಕಯಾಕ್ ಕ್ರಾಸ್ ಸೇರಿ, ಪುರುಷರಿಗೆ ಮೂರು, ಮಹಿಳೆಯರಿಗೆ ಮೂರು ಎಂಬ ಸಮಪಾಲು ಏರ್ಪಟ್ಟಿತು. 1972ರಿಂದ ಲೆಕ್ಕ ಹಾಕಿದರೆ ಈ ಸಮಪಾಲಿಗೆ 52 ವರ್ಷ ಬೇಕಾಯಿತು. ಈ ಅವಧಿಯಲ್ಲಿ ಸ್ತ್ರೀಶರೀರ ಬದಲಾಗಲಿಲ್ಲ; ಬದಲಾದದ್ದು ನಿಯಮದ ಪುಸ್ತಕ.

ನೀರಿನ ಕಥೆ, ನಿಯಮದ ಕಥೆ ಎರಡೂ ಒಂದುಗೂಡುವುದು ಫಾಕ್ಸ್ ಕುಟುಂಬದಲ್ಲಿ. ಜೆಸಿಕಾ ಅವರ ತಾಯಿ ಮಿರಿಯಮ್ ಜೆರುಸಲ್ಮಿ 1996ರಲ್ಲಿ ಫ್ರಾನ್ಸಿಗೆ ಕಂಚಿನ ಪದಕ ತಂದವರು. ತಂದೆ ರಿಚರ್ಡ್ ಫಾಕ್ಸ್ ಬ್ರಿಟನ್ನಿನ ವಿಶ್ವವಿಜೇತ. ಸಿಡ್ನಿ ಒಲಿಂಪಿಕ್ಸಿಗೆ ಮುನ್ನ ಈ ಕುಟುಂಬ ಆಸ್ಟ್ರೇಲಿಯಾಕ್ಕೆ ಬಂದು, ಪೆನ್ರಿತ್‌ನಲ್ಲಿ ಕಟ್ಟಿದ ಆ ಜಲಮಾರ್ಗದ ಬಳಿ ನೆಲೆಸಿತು. ಮಕ್ಕಳು ಬೆಳೆದು ಅಭ್ಯಾಸಮಾಡಿದ್ದು ಅಲ್ಲಿಯೇ. ಪ್ಯಾರಿಸ್ಸಿನಲ್ಲಿ ಜೆಸಿಕಾ ಕಯಾಕ್ ಮತ್ತು ಕೆನೂ ಎರಡರಲ್ಲೂ, ತಂಗಿ ನೊಯೆಮಿ ಕಯಾಕ್ ಕ್ರಾಸಿನಲ್ಲಿ ಗೆದ್ದರು. ಮಹಿಳೆಯರ ಮೂರು ಚಿನ್ನದ ಪದಕಗಳೂ ಒಂದೇ ಮನೆಯನ್ನು ಸೇರಿದವು. ತಾಯ್ತಂದೆಗಳ ವಿದ್ಯೆ, ಮನೆಯ ಬಳಿಯ ನೀರು, ತೆರೆದ ನಿಯಮ ಈ ಮೂರರಲ್ಲಿ ಒಂದು ಕೊರೆಯಾಗಿದ್ದರೂ ಈ ಫಲ ದೊರೆಯುತ್ತಿತ್ತೆಂದು ಹೇಳುವಂತಿಲ್ಲ.

ಏಷ್ಯಾ ಖಂಡದ ಕ್ರೀಡಾಕೂಟಕ್ಕೆ ಸ್ಲಾಲಮ್ ಬಂದದ್ದು 2010ರಲ್ಲಿ, ಗ್ವಾಂಗ್ಝೌದಲ್ಲಿ. ಭಾರತದಲ್ಲಿ 2023ರ ಆರಂಭದಲ್ಲಿ ಮಧ್ಯಪ್ರದೇಶದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕೂಟದಲ್ಲಿ ನರ್ಮದೆಯ ಮಹೇಶ್ವರದಲ್ಲಿ ಈ ಸ್ಪರ್ಧೆಯನ್ನು ಏರ್ಪಡಿಸಿದ್ದರು. ನಮ್ಮ ರಾಜ್ಯದಲ್ಲಿ ರಭಸದ ನೀರಿನ ದೋಣಿವಿಹಾರಕ್ಕೆ ಹೆಸರಾದದ್ದು ಉತ್ತರ ಕನ್ನಡದ ಕಾಳಿ. ಆದರೆ ಗಣೇಶಗುಡಿಯ ಬಳಿ ಆ ನೀರಿನ ಏರಿಳಿತವೂ ಮೇಲಣ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನೇ ಅವಲಂಬಿಸಿದೆ. ನೈಸರ್ಗಿಕವೆಂದು ನಾವು ನೋಡಿ ಸಂತೋಷಪಡುವ ಪ್ರವಾಹದ ಹಿಂದೆಯೂ ಒಂದು ಬಾಗಿಲು, ಅದನ್ನು ತೆರೆಯುವ ಒಂದು ಕೈ ಇದ್ದೇ ಇದೆ.

ಹಾಗಾದರೆ ನಾಲ್ಕು ತಾಲ್ಲೂಕುಗಳ ಈ ಸೀಮೆಯಲ್ಲಿ ಒಲಿಂಪಿಕ್ ಕಾಲುವೆಯೊಂದನ್ನು ಕಟ್ಟಬೇಕೆಂಬುದು ನಮ್ಮ ವಾದವೇ? ಖಂಡಿತ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ದೋಷದಿಂದ ನರಳಿದ ಪಾವಗಡದ ಹಳ್ಳಿಗಳ ನಡುವೆ ಆಟಕ್ಕಾಗಿ ನೀರೆತ್ತಿ ಹರಿಸುವ ಮಾತು ನ್ಯಾಯವಲ್ಲ. ನಾವು ಹೇಳುವುದು ಇಷ್ಟೇ. ಈ ಸೀಮೆಯ ಜನ ನೀರಿಲ್ಲವೆಂದು ಕೈಕಟ್ಟಿ ಕುಳಿತವರಲ್ಲ. ಏರಿ ಹಾಕಿ ಕೆರೆ ಕಟ್ಟಿದರು, ತೂಬಿನಿಂದ ನೀರನ್ನು ಅಳೆದು ಬಿಟ್ಟರು, ಹೆಚ್ಚಾದುದನ್ನು ಕೋಡಿಯಲ್ಲಿ ಹರಿಸಿದರು. ಆಗ್ಸ್‌ಬರ್ಗಿನ ಇಂಜಿನಿಯರು ಮಾಡಿದ್ದೂ ತತ್ತ್ವತಃ ಇದೇ. ಇಂದು ಕಾವೇರಿಯ ಉಪನದಿಯಾದ ಹೇಮಾವತಿಯ ನೀರು ಕಾಲುವೆಯಲ್ಲಿ ಬಂದು ಶಿರಾ, ಕಳ್ಳಂಬೆಳ್ಳ ಕೆರೆಗಳನ್ನು ಸೇರುತ್ತಿರುವುದೂ ಮನುಷ್ಯಪ್ರಯತ್ನದಿಂದ.

ಕೆರೆ ತುಂಬಿದ ವರ್ಷದಲ್ಲಿ ಅದರ ದಡದಲ್ಲಿ ಹುಡುಗರು ಈಜು ಕಲಿಯುತ್ತಾರೆ. ಹುಡುಗಿಯರು ಏರಿಯ ಮೇಲೆ ನಡೆದುಹೋಗುತ್ತಾರೆ. ಈ ಭೇದವನ್ನು ಮಾಡಿದ್ದು ಮಳೆಯಲ್ಲ. ಈಜು ಬಾರದವಳು ಯಾವ ದೋಣಿಯನ್ನೂ ನಿರ್ಭಯವಾಗಿ ಹತ್ತಲಾರಳು. ದೋಣಿಯ ಮಾತಿರಲಿ, ಕಾಲುಜಾರಿ ನೀರಿಗೆ ಬಿದ್ದರೆ ತನ್ನ ಪ್ರಾಣವನ್ನು ಕಾಪಾಡಿಕೊಳ್ಳಲಾರಳು. ತಕ್ಕ ರಕ್ಷಣೆಯೊಡನೆ, ಬಲ್ಲವರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿನಿಯರಿಗೆ ಈಜು ಕಲಿಸುವುದಕ್ಕೆ ಭೋರ್ಗರೆವ ನದಿ ಬೇಕಿಲ್ಲ. ನಿಂತ ನೀರು ಸಾಕು. ಸ್ಲಾಲಮ್ ಸ್ಪರ್ಧೆಯೂ ಹುಟ್ಟಿದ್ದು ನಿಂತ ನೀರಿನಲ್ಲಿಯೇ ಎಂಬುದನ್ನು ಮೇಲೆ ಕಂಡಿದ್ದೇವೆ. ಇಲ್ಲದ ನೀರಿಗೆ ಮಳೆಯನ್ನು ದೂರಬಹುದು. ಇದ್ದ ನೀರಿನಿಂದ ದೂರವಿಟ್ಟುದಕ್ಕೆ ನಾವೇ ಹೊಣೆಗಾರರು. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ಕಲಿಸಿದರೆ, ದೂರದೇಶದ ಈ ಆಟದ ಚರಿತ್ರೆಯನ್ನು ಓದಿದ್ದು ಸಾರ್ಥಕವೆಂದು ನಾವು ಭಾವಿಸುತ್ತೇವೆ.